ಹೆಂಡತಿ ಬೇಡವೆಂದ ಮೋಟಾರ್ ಸೈಕಲ್

ಮದುವೆಯಾದ ಗಂಡಸಿಗೆ ಹೆಂಡತಿಯಿಂದ ಆಗುವ ಉಪಕಾರಗಳು ಒಂದೆರಡಲ್ಲ. ಹೊತ್ತಿಗೆ ಸರಿಯಾಗಿ ಊಟ, ಕಳೆದುಹೋದ ಕನ್ನಡಕ ಕಣ್ಣೆದುರೇ ಸಿಗುವುದು, ಇವನ್ನೆಲ್ಲ ಎಲ್ಲರೂ ಒಪ್ಪಿಕೊಳ್ಳುತ್ತಾರೆ. ಆದರೆ ಎಲ್ಲಕ್ಕಿಂತ ದೊಡ್ಡ ಉಪಕಾರವೊಂದಿದೆ. ಅದನ್ನು ಮಾತ್ರ ಯಾವ ಗಂಡಸೂ ಬಾಯಿಬಿಟ್ಟು ಹೇಳುವುದಿಲ್ಲ. ತನಗೆ ಧೈರ್ಯ ಸಾಲದ ಕೆಲಸಗಳನ್ನೆಲ್ಲ ಅವಳ ತಲೆಗೆ ಕಟ್ಟಿ, ‘ನಾನೇನೋ ತಯಾರಿದ್ದೆ, ಮನೆಯಲ್ಲಿ ಬಿಡಬೇಕಲ್ಲ!’ ಎಂದು ನಾಲ್ಕು ಜನರ ನಡುವೆ ನಿಟ್ಟುಸಿರು ಬಿಡುವ ಸೌಲಭ್ಯವೇ ಅದು. ನಮ್ಮ ಆಫೀಸಿನಲ್ಲಿ ಒಬ್ಬರು ಸಾಹೇಬರ ಮುಖದ ಮೇಲೆ ರಾಜೀನಾಮೆ ಎಸೆಯುವುದನ್ನು ಹೆಂಡತಿಗೋಸ್ಕರವೇ ಮುಂದೂಡುತ್ತಾ ಬಂದು, ಕೊನೆಗೆ ಅದೇ ಸಾಹೇಬರ ಕೈಯಿಂದ ಹಾರ ಹಾಕಿಸಿಕೊಂಡು ನಿವೃತ್ತರಾದರು. ನಾನು ಅಷ್ಟು ದೊಡ್ಡ ಮನುಷ್ಯನಲ್ಲ. ನನ್ನದು ಬರೀ ಒಂದು ಮೋಟಾರ್ ಸೈಕಲ್ಲಿನ ಸಂಗತಿ.

ಪುಣೆಯಲ್ಲಿ ಗಾಡಿ ಇಲ್ಲದವನನ್ನು ಮನುಷ್ಯ ಎನ್ನುವುದಿಲ್ಲ, ಪಾಪ ಎನ್ನುತ್ತಾರೆ. ನಾನು ನಮ್ಮೂರು ಇಂಡಿಯಿಂದ ಇಲ್ಲಿಗೆ ಬಂದದ್ದು ತೊಂಬತ್ತರ ದಶಕದ ಆರಂಭದಲ್ಲಿ. ಮೊದಲು ಒಂದು ಹಳೇ ಸ್ಕೂಟರ್ ಇತ್ತು. ಬೆಳಗ್ಗೆ ಅದನ್ನು ಒಂದು ಬದಿಗೆ ವಾಲಿಸಿ, ಪುಸಲಾಯಿಸಿ, ಒದ್ದು ಎಬ್ಬಿಸುವಷ್ಟರಲ್ಲಿ ಸ್ನಾನ ಮಾಡಿದ್ದೆಲ್ಲ ವ್ಯರ್ಥವಾಗುತ್ತಿತ್ತು. ಆಮೇಲೆ ನೂರು ಸಿಸಿಯ ಬೈಕು ಬಂತು. ಅದು ಬಹಳ ಒಳ್ಳೆಯ ಸ್ವಭಾವದ ಬೈಕು. ಮುಂದೆ ಗ್ಯಾಸ್ ಸಿಲಿಂಡರ್, ಹಿಂದೆ ನಮ್ಮವ್ವ, ಹ್ಯಾಂಡಲ್ಲಿಗೆ ಎರಡು ಚೀಲ ತರಕಾರಿ ಇದ್ದರೂ ತಕರಾರು ಮಾಡುತ್ತಿರಲಿಲ್ಲ. ವಾಕಡದ ನಮ್ಮ ಮನೆಯ ಸುತ್ತ ಆಗಿನ್ನೂ ಹೊಲಗಳಿದ್ದವು. ಅಲ್ಲಿಂದ ಚಿಂಚವಾಡದ ಕಾರ್ಖಾನೆಗೆ, ನಮ್ಮ ಖರೀದಿ ವಿಭಾಗಕ್ಕೆ, ದಿನವೂ ಅದರ ಮೇಲೆ ಹೋಗಿ ಬರುತ್ತಿದ್ದೆ. ಸುಖವಾಗಿಯೇ ಇದ್ದೆ. ಅಷ್ಟರಲ್ಲಿ ಹೊಸ ಶತಮಾನ ಬಂತು, ಜೊತೆಗೆ ಹೊಸ ನಮೂನೆಯ ಗಾಡಿಗಳೂ ಬಂದವು. ನೂರೈವತ್ತು, ನೂರೆಂಬತ್ತು, ಇನ್ನೂರಿಪ್ಪತ್ತು! ಉಬ್ಬಿದ ಟ್ಯಾಂಕು, ಡಿಸ್ಕ್ ಬ್ರೇಕು, ನಿಂತಲ್ಲೇ ಓಡುತ್ತಿರುವಂತೆ ಕಾಣುವ ಮೈಕಟ್ಟು.

ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ನಮ್ಮಲ್ಲಿ ಬೇರೆ ಮಾತೇ ಇರುತ್ತಿರಲಿಲ್ಲ. ಪಿಕಪ್ ಎಂದರೇನು, ಯಾವುದರ ಗಿಯರ್ ಮೆತ್ತಗಿದೆ, ಯಾವುದು ತಿರುವಿನಲ್ಲಿ ರಸ್ತೆಗೆ ಅಂಟಿಕೊಂಡು ಹೋಗುತ್ತದೆ ಎಂಬ ವಿಷಯದಲ್ಲಿ ನಾನು ಬಾಯಿ ತೆರೆದರೆ ಉಳಿದವರು ತುತ್ತು ಕೈಯಲ್ಲೇ ಹಿಡಿದು ಕೂರುತ್ತಿದ್ದರು. ನನ್ನ ಪಕ್ಕದ ಮೇಜಿನ ಜಾಧವ್ ಆಗಲೇ ನೂರೈವತ್ತು ಕೊಂಡಿದ್ದ. ಕನ್ನಡದವರನ್ನೆಲ್ಲ ಇಲ್ಲಿ ಅಣ್ಣಾ ಎಂದು ಕರೆಯುವ ರೂಢಿ. ಅವನೂ ಪ್ರತಿ ದಸರೆಗೆ, ಪ್ರತಿ ಯುಗಾದಿ ಪಾಡ್ಯಕ್ಕೆ, ‘ಅಣ್ಣಾ, ಇಷ್ಟೆಲ್ಲ ತಿಳಿದವನು ನೀನು, ಆ ಇನ್ನೂರಿಪ್ಪತ್ತು ಯಾವಾಗ ತರುತ್ತೀ?’ ಎಂದು ಕೇಳುತ್ತಿದ್ದ. ನಾನು ನಿಟ್ಟುಸಿರು ಬಿಟ್ಟು, ‘ಮನೆಯಲ್ಲಿ ಬಿಡುವುದಿಲ್ಲ’ ಎನ್ನುತ್ತಿದ್ದೆ.

ಒಂದೇ ಉತ್ತರವನ್ನು ವರ್ಷಗಟ್ಟಲೆ ಹೇಳುವುದು ಕೇಳುವವರಿಗೂ ಬೇಸರ ನೋಡಿ. ಹಾಗಾಗಿ ಅದಕ್ಕೆ ಆಗಾಗ ಒಗ್ಗರಣೆ ಹಾಕತೊಡಗಿದೆ. ಶೋರೂಮಿನ ಮುಂದೆ ಹಾಯುವಾಗ ಅವಳು ಮುಖ ತಿರುಗಿಸಿಕೊಳ್ಳುತ್ತಾಳೆ ಎಂದೆ. ಮಕ್ಕಳ ತಲೆ ಮುಟ್ಟಿಸಿ ಆಣೆ ಹಾಕಿಸಿಕೊಂಡಿದ್ದಾಳೆ ಎಂದೆ. ಒಂದು ಸಲ ಲಹರಿಯಲ್ಲಿ, ಗಾಡಿಯ ಹೆಸರೆತ್ತಿದ್ದಕ್ಕೆ ಎರಡು ದಿನ ಊಟ ಬಿಟ್ಟಿದ್ದಳು ಎಂದೂ ಹೇಳಿಬಿಟ್ಟೆ. ಎಲ್ಲರೂ ಅಯ್ಯೋ ಎಂದರು. ಜಾಧವನಂತೂ ತನ್ನ ಡಬ್ಬಿಯ ಶೇಂಗಾ ಚಟ್ನಿಯನ್ನು ನನಗೇ ಬಡಿಸಿದ. ಮನೆಯಲ್ಲಿ ನನ್ನ ಹೆಂಡತಿ ಸುಮಿತ್ರಾಗೆ ಇನ್ನೂರಿಪ್ಪತ್ತು ಎಂಬ ಗಾಡಿ ಜಗತ್ತಿನಲ್ಲಿದೆ ಎಂಬುದೇ ಗೊತ್ತಿರಲಿಲ್ಲ.

ಹೀಗೇ ಕಾಲ ಹೋಗುತ್ತಿತ್ತು. ಆದರೆ ಪುಣೆಯಲ್ಲಿ ಸಂಕ್ರಾಂತಿಯಾದ ಮೇಲೆ ಮನೆಮನೆಯಲ್ಲೂ ಅರಿಶಿನ ಕುಂಕುಮದ ಕಾರ್ಯಕ್ರಮ ನಡೆಯುತ್ತದೆ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಗಂಡಸರು ಡಬ್ಬಿಯ ಮುಂದೆ ಕಟ್ಟಿದ ಕಥೆಗಳನ್ನೆಲ್ಲ ಹೆಂಗಸರು ಎಳ್ಳುಬೆಲ್ಲದ ಜೊತೆ ಬಿಚ್ಚಿ ನೋಡುವ ಸಮಾರಂಭ ಅದು. ಆ ವರ್ಷ ಜಾಧವನ ಹೆಂಡತಿ ಕರೆದಳೆಂದು ಸುಮಿತ್ರಾ ಮೊದಲ ಸಲ ಅವರ ಮನೆಗೆ ಹೋದಳು. ಸಂಜೆ ಬಂದವಳೇ ಬಾಗಿನವಾಗಿ ಕೊಟ್ಟಿದ್ದ ಪ್ಲಾಸ್ಟಿಕ್ ಬುಟ್ಟಿಯನ್ನು ಟಿವಿಯ ಮೇಲಿಟ್ಟು ನನ್ನೆದುರು ನಿಂತಳು.

‘ನಾ ಯಾವಾಗ ಬ್ಯಾಡ ಅಂದೇನ್ರಿ?’

‘ಏನ ಬ್ಯಾಡ ಅಂದಿ?’

‘ಗಾಡಿ! ಅಷ್ಟೂ ಹೆಣ್ಮಕ್ಕಳ ಮುಂದ ಜಾಧವ ವಹಿನಿ ಕೇಳಿದ್ರು, ಪಾಪ ಅಣ್ಣಾಂದು ಒಂದ ಆಸೆ, ಅದಕ್ಕೂ ಯಾಕ ಅಡ್ಡ ಬರತೀರಿ ಅಂತ. ನಾ ಎರಡ ದಿನ ಊಟ ಬಿಟ್ಟಿದ್ದೆ ಅಂತ! ನಾ ಸಂಕಷ್ಟಿಗೇ ಊಟ ಬಿಡೂದಿಲ್ಲ, ನಿಮ್ಮ ಗಾಡಿಗೆ ಬಿಡತೇನೇನು?’

ನಾನು ನಗಲು ನೋಡಿದೆ. ಅವಳು ನಗಲಿಲ್ಲ. ‘ಕುಂತವರೆಲ್ಲ ನನ್ನ ಮಾರಿ ನೋಡಿದ್ರು. ನಾ ಎಂಥಾ ಹೆಂಗಸು ಅಂತ ತಿಳ್ಕೊಂಡಾರೋ ಏನೋ’ ಎನ್ನುವಾಗ ಅವಳ ದನಿ ಒಡೆಯಿತು. ನನಗೆ ನಿಜವಾಗಿಯೂ ಕೆಡುಕೆನಿಸಿತು. ನಾನು ಏನು ತಂದರೂ ಚೆನ್ನಾಗಿದೆ ಎನ್ನುವ, ನಾನು ತಂದ ಬದನೆಕಾಯಿಯ ಹುಳವನ್ನು ಕೂಡ ನನಗೆ ತೋರಿಸದೆ ತೆಗೆಯುವ ಹೆಂಗಸು ಅವಳು. ಕಣ್ಣೊರೆಸಿಕೊಂಡು ತೀರ್ಪು ಕೊಟ್ಟಳು: ‘ಈ ಪಾಡ್ಯಾಕ್ಕ ಆ ಗಾಡಿ ಮನೀ ಮುಂದ ನಿಂತಿರಬೇಕು. ಜಾಧವ ಭಾವೋಜಿ ಗಾಡಿಕಿಂತ ದೊಡ್ಡದು. ಎಲ್ಲಾರಕಿಂತ ದೊಡ್ಡದು. ಆಮ್ಯಾಲೆ ನನಗ ಯಾರ ಏನ ಅಂತಾರ ನೋಡೂಣು.’

ಅಲ್ಲಿಗೆ ನನ್ನ ಕಥೆ ಮುಗಿಯಿತು. ಗಾಡಿ ತಂದರೆ ಅವಳ ಹೆಸರು ಉಳಿಯುತ್ತದೆ, ಆದರೆ ಅದನ್ನು ಓಡಿಸಬೇಕಾದವನು ನಾನು. ತರದಿದ್ದರೆ ನನ್ನ ಅಂಜುಬುರುಕುತನ ಖರೀದಿ ವಿಭಾಗದ ತುಂಬ ಜಾಹೀರಾಗುತ್ತದೆ. ಮನೆಯೊಳಗೆ ಯಾರಾದರೂ ಒಬ್ಬರು ವಿರೋಧ ಮಾಡಲಿ ದೇವರೇ ಎಂದುಕೊಂಡು ಹುಡುಕತೊಡಗಿದೆ. ಎವರೇಜ್ ಏನೂ ಕೊಡುವುದಿಲ್ಲವಂತೆ, ಪೆಟ್ರೋಲು ಬಹಳ ಕುಡಿಯುತ್ತದಂತೆ ಎಂದರೆ ಸುಮಿತ್ರಾ, ‘ದಿನಾ ಏನ ಇಂಡಿಗೆ ಹೋಗವರದೀರೇನು?’ ಎಂದಳು. ಅವ್ವ ಬೇಡವೆಂದಾಳೆಂದು ಅವಳ ಹತ್ತಿರ ಹೋದೆ. ಅವ್ವ ಟಿವಿಯ ಮರಾಠಿ ಧಾರಾವಾಹಿಯಿಂದ ಕಣ್ಣು ಕೀಳದೆ, ‘ತಗೋ ಬಿಡಪಾ. ಸಣ್ಣಂವ ಇದ್ದಾಗ ಎಮ್ಮಿ ಮ್ಯಾಲೆ ಕುಂದ್ರಾಕೂ ಅಂಜತಿದ್ದಿ, ಈಗರೆ ಧೈರ್ಯ ಬಂತಲ್ಲ’ ಎಂದಳು. ಸುಮಿತ್ರಾಗೆ ಕೇಳದಿರಲೆಂದು ನಾನು ಅವಸರದಿಂದ ಟಿವಿಯ ದನಿ ಏರಿಸಿದೆ.

ಕೊನೆಯ ಅಸ್ತ್ರವೆಂದರೆ ಸೀರೆ. ಆ ಗಾಡಿಗಳ ಹಿಂದಿನ ಸೀಟು ಅಟ್ಟದಂತೆ ಮೇಲೆದ್ದಿರುತ್ತದೆ. ಸೀರೆ ಉಟ್ಟು ಒಂದು ಬದಿಗೆ ಕೂರಲು ಸಾಧ್ಯವೇ ಇಲ್ಲ. ‘ನಿನಗ ಕುಂದ್ರಾಕ ಬರೂದಿಲ್ಲಲ್ಲ, ಅದ ನನಗ ಚಿಂತಿ’ ಎಂದೆ, ದನಿಯಲ್ಲಿ ಸಾಕಷ್ಟು ಮಮತೆ ಬೆರೆಸಿ. ಸುಮಿತ್ರಾ ಎದ್ದು ಒಳಗೆ ಹೋದಳು. ಹೊರಗೆ ಬಂದಾಗ ಮೈಮೇಲೆ ಹೊಸ ಪಂಜಾಬಿ ಡ್ರೆಸ್ಸು! ಮದುವೆಯಾದಾಗಿನಿಂದ ಸೀರೆ ಬಿಟ್ಟು ಬೇರೇನೂ ಉಡದವಳು, ಯಾರಿಗೂ ಹೇಳದೆ ಹೊಲಿಸಿಟ್ಟಿದ್ದಳು. ಓಢಣಿಗೆ ಎರಡೂ ಹೆಗಲ ಮೇಲೆ ಪಿನ್ನು ಹಾಕಿ ಯುದ್ಧಕ್ಕೆ ಹೊರಟವಳ ಹಾಗೆ ನಿಂತಿದ್ದಳು. ‘ಭಾಳ ಚಂದ ಕಾಣತಿ’ ಎಂದೆ, ಸುಳ್ಳಲ್ಲ, ಕಾಣುತ್ತಿದ್ದಳು. ‘ಮಾತ ಬದಲ ಮಾಡಬ್ಯಾಡ್ರಿ’ ಎಂದಳು.

ಪಾಡ್ಯಕ್ಕೆ ಕೈಗೆ ಗಾಡಿ ಬರಬೇಕಾದರೆ ಮೊದಲೇ ಬುಕ್ ಮಾಡಬೇಕು. ಆ ದಿನ ಅರ್ಧ ಪುಣೆ ಶೋರೂಮಿನಲ್ಲಿರುತ್ತದೆ. ಹಾಗಾಗಿ ಹಿಂದಿನ ಭಾನುವಾರ ನಾವಿಬ್ಬರೂ ಹೊರಟೆವು. ಅಲ್ಲಿ ಜಾಧವ್, ಹೆಂಡತಿಯಿಂದ ಸುದ್ದಿ ತಿಳಿದು, ನಮಗಿಂತ ಮೊದಲೇ ಬಂದು ನಿಂತಿದ್ದ. ಇಷ್ಟು ವರ್ಷ ಕಾದವನು ಈ ದೃಶ್ಯ ತಪ್ಪಿಸಿಕೊಳ್ಳುತ್ತಾನೆಯೇ! ಟೈ ಕಟ್ಟಿದ ಸೇಲ್ಸ್‌ಮನ್ ಕಪ್ಪು ಬಣ್ಣದ ಇನ್ನೂರಿಪ್ಪತ್ತನ್ನು ತಳ್ಳಿಕೊಂಡು ಬಂದ. ಟ್ರಯಲ್ಲಿಗೆ ತಾನು ಹಿಂದೆ ಕೂರುತ್ತೇನೆ ಎಂದ. ಸುಮಿತ್ರಾ ಬಿಡಲಿಲ್ಲ. ನಾಳೆಯಿಂದ ಕೂರುವವಳು ತಾನು ಎಂದು ಹೇಳಿ ಹತ್ತಿಯೇ ಬಿಟ್ಟಳು. ಅವನು ನನ್ನ ಲೈಸೆನ್ಸ್ ಇಸಿದುಕೊಂಡು ದೇಹೂ ರೋಡಿನ ಕಡೆಗೆ ಕೈ ತೋರಿಸಿದ.

ಗಾಡಿಯ ಮೇಲೆ ಮುಂದಕ್ಕೆ ಬಾಗಿ, ನೆಲದಲ್ಲಿ ಬಿದ್ದ ಕಾಸು ಹುಡುಕುವವನಂತೆ ಕೂತೆ. ಎಕ್ಸಿಲರೇಟರನ್ನು ತಿರುಗಿಸಲಿಲ್ಲ, ಮುಟ್ಟಿದೆ ಅಷ್ಟೇ. ಗಾಡಿ ಹಾರಿತು. ಹಿಂದಿನಿಂದ ಸುಮಿತ್ರಾ ‘ಅಯ್ ಶಿವನೇ!’ ಎಂದು ಎರಡೂ ಕೈಗಳಿಂದ ನನ್ನನ್ನು ತಬ್ಬಿ ಹಿಡಿದಳು. ನಮ್ಮ ನೂರು ಸಿಸಿಯ ಮೇಲೆ ಇಷ್ಟು ವರ್ಷ ನನ್ನ ಹೆಗಲ ಮೇಲೆ ಒಂದು ಕೈಯನ್ನಷ್ಟೇ ಇಟ್ಟು ಬಂದವಳು. ಅದು ಬಹಳ ಹಿತವಾಗಿತ್ತು, ಅದನ್ನು ಹೇಳಲೇಬೇಕು. ಆದರೆ ಹಿತ ಹಿಂದೆ ಇತ್ತು, ಮುಂದೆ ಹೆದ್ದಾರಿ ಇತ್ತು. ಎರಡನೇ ಗಿಯರಿನಲ್ಲೇ ಬ್ರೇಕಿನ ಮೇಲೆ ನಾಲ್ಕು ಬೆರಳಿಟ್ಟುಕೊಂಡು, ಗೊತ್ತಿರುವ ದೇವರನ್ನೆಲ್ಲ ನೆನೆಯುತ್ತಾ ಹೊರಟೆ. ಹಿಂದಿನಿಂದ ಒಂದು ಮಿಲಿಟರಿ ಟ್ರಕ್ಕು ಗುರುಗುಟ್ಟುತ್ತಾ ಬಂದು ನಮ್ಮನ್ನು ನಿಧಾನವಾಗಿ ದಾಟಿತು. ಅದರ ಹಿಂಭಾಗದಲ್ಲಿ ಕೂತ ಜವಾನರು ನಮ್ಮ ಗಾಡಿಯನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು. ಒಬ್ಬ ಸೆಲ್ಯೂಟ್ ಹೊಡೆದ.

‘ಆ ಟ್ರಕ್ ಹಿಂದ ಹಾಕ್ರಿ!’ ಎಂದಳು ಸುಮಿತ್ರಾ.

‘ಮಿಲಿಟರಿ ಗಾಡಿ ಹಿಂದ ಹಾಕಬಾರದು. ಕಾನೂನದ’ ಎಂದೆ.

ವಾಪಸು ಬಂದು ಇಳಿದಾಗ ನನ್ನ ಅಂಗಿ ಬೆನ್ನಿಗಂಟಿತ್ತು. ಸುಮಿತ್ರಾಳ ಮುಖ ಮಾತ್ರ ಅರಳಿತ್ತು. ಸೇಲ್ಸ್‌ಮನ್ ಪೆನ್ನು ತೆಗೆದ. ಜಾಧವ್ ನನ್ನ ಬೆನ್ನು ತಟ್ಟಿ, ‘ಮಗ ಅಣ್ಣಾ, ಹೀಚ್ ನಾ?’ ಎಂದ. ಹಾಗಾದರೆ ಇದೇ ತಾನೇ ಎಂದು ಮರಾಠಿಯಲ್ಲಿ ಕೇಳುತ್ತಿದ್ದ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಹೌದು ಎನ್ನಲು ಬಾಯಿ ತೆರೆದೆ. ನಾಲಗೆ ಎಷ್ಟು ವರ್ಷದಿಂದ ಪಳಗಿತ್ತು ನೋಡಿ, ತನ್ನಷ್ಟಕ್ಕೆ ತಾನೇ, ‘ನಾನೇನೋ ತಯಾರು ಜಾಧವ್, ಆದರೆ ಮನೆಯಲ್ಲಿ ಬಿಡಬೇಕಲ್ಲ’ ಎಂದುಬಿಟ್ಟಿತು.

ಮನೆ ಎಂದರೆ ಪಕ್ಕದಲ್ಲೇ ನಿಂತಿತ್ತು. ಪಂಜಾಬಿ ಡ್ರೆಸ್ ಹಾಕಿಕೊಂಡು, ತನ್ನ ಹೆಸರಿಗೆ ಅಂಟಿದ ಮಾತನ್ನು ಒರೆಸಿಕೊಳ್ಳಲೆಂದೇ ವಾಕಡದಿಂದ ಬಂದ ಮನೆ. ಭೂಮಿ ಬಾಯಿ ಬಿಡಬಾರದೇ ಎನಿಸಿತು ನನಗೆ. ಜಾಧವ್ ಅವಳ ಕಡೆ ತಿರುಗಿದ. ಸುಮಿತ್ರಾ ನನ್ನ ಮುಖ ನೋಡಿದಳು. ಇನ್ನೂ ಬ್ರೇಕು ಹಿಡಿದೇ ಇದ್ದ ನನ್ನ ಕೈಯನ್ನು ನೋಡಿದಳು. ಆಮೇಲೆ ಜಾಧವನಿಗೆ ಮರಾಠಿಯಲ್ಲಿ, ‘ಹೋ ಭಾವೋಜಿ, ಮೀಚ್ ನಕೋ ಮ್ಹಟಲಂ. ಮಲಾ ಭೀತಿ ವಾಟತೇ’ ಎಂದಳು. ಬೇಡ ಅಂದವಳು ತಾನೇ, ತನಗೇ ಹೆದರಿಕೆ ಎಂದು. ಜಾಧವ್ ನನ್ನ ಕಡೆ ನೋಡಿ ಕನಿಕರದಿಂದ ತಲೆಯಾಡಿಸಿದ. ನಾವು ನೂರೈವತ್ತು ಬುಕ್ ಮಾಡಿ ಬಂದೆವು.

ನಮ್ಮ ಹಳೇ ನೂರು ಸಿಸಿಯ ಮೇಲೇ ಮನೆಯ ದಾರಿ ಹಿಡಿದೆವು. ದಾರಿಯಲ್ಲಿ ಅವಳು ಕಿವಿಯ ಹತ್ತಿರ ಬಾಗಿ, ‘ನಿಮ್ಮ ಎದಿ ಡಬಡಬಾ ಅಂತಿತ್ತು. ನನ್ನ ಕೈಗೆ ಹತ್ತತಿತ್ತು. ಮದಲ ಹೇಳಬಾರದೇನು?’ ಎಂದಳು.

‘ಅಂಜಿಕಿ ಆಗತದಂತ ಹೆಂಗ ಹೇಳೂದ, ಸುಮಿ?’

‘ಊರಿಗೆ ಹೇಳಬ್ಯಾಡ್ರಿ. ನನಗ ಹೇಳೂದಕ್ಕೇನು?’

ಗಾಡಿ ನಿಲ್ಲಿಸಿ ಅವಳಿಗೆ ಕಬ್ಬಿನ ಹಾಲು ಕುಡಿಸಿದೆ.

ಪಾಡ್ಯದ ದಿನ ನೂರೈವತ್ತು ಮನೆಗೆ ಬಂತು. ಸುಮಿತ್ರಾ ಆರತಿ ಎತ್ತಿದಳು, ಅವ್ವ ದೃಷ್ಟಿ ತೆಗೆದಳು. ಈಗ ಅದರ ಮೇಲೆ ಬಹಳ ಸುಖವಾಗಿದ್ದೇನೆ. ನನ್ನ ಕೈಗೆ ತಕ್ಕ ಪಿಕಪ್ಪು, ನನ್ನ ಎದೆಗೆ ತಕ್ಕ ಬ್ರೇಕು. ಹಿಂದಿನ ಸೀಟು ಇದರದ್ದೂ ಸ್ವಲ್ಪ ಮುಂದಕ್ಕೇ ಇಳಿಜಾರು, ಬ್ರೇಕು ಹಿಡಿದರೆ ಸುಮಿತ್ರಾ ನನ್ನನ್ನು ತಬ್ಬಿಯೇ ಹಿಡಿಯಬೇಕು, ದೇವರು ದೊಡ್ಡವನು. ಪಾಡ್ಯದ ರಾತ್ರಿ ಊಟಕ್ಕೆ ಬಡಿಸುತ್ತಾ ಸುಮಿತ್ರಾ ನನ್ನಿಂದ ಕೇಳಿದ್ದು ಒಂದೇ ಒಂದು. ‘ನಾಳೆ ಆಫೀಸಿನ್ಯಾಗ ಖರೇದು ಹೇಳಿಬಿಡ್ರಿ. ನನಗ ಅಷ್ಟ ಸಾಕು.’ ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಹೇಳಬೇಕೆಂದೇ ಮರುದಿನ ಪೇಢೆಯ ಪೆಟ್ಟಿಗೆ ಹಿಡಿದು ಹೋದೆ. ಜಾಧವ್ ಆಗಲೇ ಎಲ್ಲವನ್ನೂ ಎಲ್ಲರಿಗೂ ಹೇಳಿದ್ದ. ಶೋರೂಮಿನಲ್ಲಿ, ಕಣ್ಣೆದುರೇ, ಸುಮಿತ್ರಾ ವಹಿನಿ ಹೇಗೆ ಬೇಡವೆಂದರು, ಅಣ್ಣಾ ಹೇಗೆ ಮರುಮಾತಾಡದೆ ನುಂಗಿಕೊಂಡ ಎಂದು. ಒಬ್ಬೊಬ್ಬರೇ ಬಂದು ಪೇಢೆ ತೆಗೆದುಕೊಂಡು ನನ್ನ ಭುಜ ಒತ್ತಿ ಹೋದರು. ನಾನು ಎದ್ದು ನಿಂತೆ, ಗಂಟಲು ಸರಿ ಮಾಡಿಕೊಂಡೆ. ಆಗ ಒಂದು ವಿಚಾರ ಹೊಳೆಯಿತು: ಈಗ ನಾನು ನಿಜ ಹೇಳಿದರೆ ಸುಮಿತ್ರಾ ಹೇಳಿದ್ದು ಸುಳ್ಳಾಗುತ್ತದಲ್ಲ? ನಾನು ಮತ್ತೆ ಕುಳಿತುಕೊಂಡು ಡಬ್ಬಿ ಬಿಚ್ಚಿದೆ. ಕಟ್ಟಿಕೊಂಡ ಹೆಂಡತಿಯ ಮಾತನ್ನು ನಾಲ್ಕು ಜನರ ಮುಂದೆ ಸುಳ್ಳು ಮಾಡುವಂಥ ಗಂಡಸು ನಾನಲ್ಲ.