ಊರಿಗೆಲ್ಲ ನನ್ನ ಮುದ್ದೆ ಕೋಲು, ನಮ್ಮ ಮನೆಗೆ ಅತ್ತೆಯದು

ಮರ ಕೆತ್ತೋನ ಬಾಗಿಲಿಗೆ ತಮಾಷೆಗಳು ಕರೆಯದೇನೇ ನಡ್ಕೊಂಡು ಬರ್ತವೆ. ನಾನು ಸ್ಕೂಲಿನ ಮೆಟ್ಟಿಲು ಹತ್ತಿದವನಲ್ಲ. ಆದರೆ ಯಾವ ಮರದ ಚೂರನ್ನೇ ಕೊಡಿ, ನಾಲಿಗೆ ಮೇಲಿಟ್ಟು ಅದರ ಜಾತಕ ಹೇಳ್ತೀನಿ. ಚಿಂತಾಮಣಿ ಸುತ್ತಮುತ್ತ ನನ್ನ ಸೌಟು, ಮುದ್ದೆ ಕೋಲು ಇಲ್ಲದ ಅಡುಗೆಮನೆ ಇದ್ದರೆ ಅವರು ಹೋಟೆಲಿಂದ ತಂದು ತಿನ್ನೋ ಜನ ಅಂತಲೇ ಲೆಕ್ಕ. ಒಂದೇ ಒಂದು ಮನೇಲಿ ಮಾತ್ರ ನನ್ನ ಕೋಲು ಇದುವರೆಗೂ ಪಾತ್ರೆಗೆ ಇಳಿದಿಲ್ಲ. ಅದು ನಮ್ಮ ಮನೆ. ನನ್ನ ಹೆಂಡತಿ ತವರಿಂದ ತಂದ ಕೋಲಲ್ಲೇ ಇವತ್ತಿಗೂ ಮುದ್ದೆ ತಿರುವೋದು.

ಹೊಂಗೆ ಪಾಯಸ

ಮಂಚೇನಹಳ್ಳಿ ಕಡೆಯ ರೈತರೊಬ್ಬರು ಹೊಂಗೆ ಕೊಂಬೆ ಹೊತ್ತು ತಂದರು. "ನಮ್ಮ ಹೊಲದ್ದೇ ಮರ. ಮೊಮ್ಮಗು ನಾಮಕರಣಕ್ಕೆ ಪಾಯಸದ ಸೌಟು ಮಾಡ್ಕೊಡಪ್ಪ."

ಒಂದು ಚಕ್ಕೆ ಕಚ್ಚಿ ಉಗಿದೆ. "ಕಹಿ ಸ್ವಾಮಿ, ವಾಸನೆ ಬೇರೆ. ಹುಣಸೆದು ಕೊಡ್ತೀನಿ."

"ನಮ್ಮ ಹೊಲದ ಮರಾನೇ ಬೈತೀಯಾ?" ಅಂತ ರೇಗಿದರು. ಮಾಡಿಕೊಟ್ಟೆ. ನಾಮಕರಣದ ಪಂಕ್ತಿಯಲ್ಲಿ ಮೊದಲ ಗುಟುಕಿಗೇ ಒಬ್ಬ ಅಜ್ಜಿ ಕೇಳಿದರಂತೆ: "ದೀಪಕ್ಕೆ ಹಾಕೋ ಎಣ್ಣೇನ ಪಾಯಸಕ್ಕೆ ಹಾಕಿದೋರು ಯಾರಮ್ಮಾ?"

"ನೋಡಿದ್ಯಾ ನನ್ನ ನಾಲಿಗೆ!" ಅಂದೆ ಹೆಂಡತಿಗೆ. ಅವಳು ತಲೆಯಾಡಿಸ್ತಾ ಅವರಮ್ಮನ ಕೋಲಲ್ಲೇ ಮುದ್ದೆ ತಿರುವಿದಳು.

ಹುಳ ಮೆಚ್ಚಿದ ಸೌಟು

ಜಂಗಮಕೋಟೆಯಲ್ಲಿ ರೇಷ್ಮೆ ಸಾಕೋರು ಹಳೇ ಹಿಪ್ಪುನೇರಳೆ ಬುಡ ಕಿತ್ತು ಹಾಕಿದ್ದರು. ಆ ಮರಾನ ಧೈರ್ಯವಾಗಿ ಅಡುಗೆಗೆ ತಗೋಬಹುದು. ಹುಳ ಸಾಯ್ತವೆ ಅನ್ನೋ ಭಯಕ್ಕೆ ಆ ಮನೆಯವರು ಗಿಡಕ್ಕೆ ಔಷಧಿ ಸೋಕಿಸಿದವರಲ್ಲ. ನೆರಳಲ್ಲಿ ಒಣಗಿಸಿ, ಸೌಟು ಕೆತ್ತಿ, ಕೊಬ್ಬರಿ ಎಣ್ಣೆ ತಿಕ್ಕಿ ಕೊಟ್ಟೆ. ಆ ಮನೆಯಮ್ಮ ಸಾರು ಬಡಿಸಿ, ಮರೆವಲ್ಲಿ ಅದನ್ನ ಹುಳದ ಮನೆಯಲ್ಲೇ ಇಟ್ಟು ಬಂದರು. ಆಮೇಲೆ ನೋಡಿದರೆ ಗೂಡು ಕಟ್ಟೋ ಹದಕ್ಕೆ ಹಣ್ಣಾದ ಹುಳವೆಲ್ಲ ಅದಕ್ಕಂತಲೇ ಇಟ್ಟ ಬಿದಿರಿನ ಚಂದ್ರಿಕೆ ತಟ್ಟೆ ಬಿಟ್ಟು ನನ್ನ ಸೌಟು ಹತ್ತಿ ಗೂಡು ಕಟ್ಟಿವೆ! ಶಿಡ್ಲಘಟ್ಟದ ಗೂಡಿನ ಮಾರುಕಟ್ಟೇಲಿ ಆ ಗೂಡು ಮೂಸಿದ ವ್ಯಾಪಾರಿ, "ಇದೇನಣ್ಣಾ, ರೇಷ್ಮೇಲಿ ಒಗ್ಗರಣೆ ಘಮ?" ಅಂದನಂತೆ.

"ಹುಳಾನೇ ಮೆಚ್ಚಿದೆ, ನೀನು ಮೆಚ್ಚಲ್ವಲ್ಲೇ!" ಅಂದೆ ಹೆಂಡತಿಗೆ.

"ಹುಳಕ್ಕೆ ಬುದ್ಧಿ ಇಲ್ಲ, ನನಗಿದೆ," ಅಂದಳು.

ನಾಲಿಗೆ ಪರೀಕ್ಷೆ

ಇನ್ನು ಬಿಟ್ಟರೆ ಮಾನ ಹೋಗ್ತದೆ ಅಂತ, ಬಲಿತ ಹುಣಸೆಯಲ್ಲಿ ಒಂದು ಕೋಲು ಕೆತ್ತಿ ಅವಳ ಕೈಗಿಟ್ಟೆ. "ನಿಮ್ಮಮ್ಮನ ಕೋಲಿಂದ ಮುದ್ದೆ ಒಗರು ಬರ್ತದೆ. ಎರಡರಲ್ಲೂ ತಿರುವಿಡು, ಕಣ್ಣು ಮುಚ್ಕೊಂಡು ಯಾವುದು ಯಾವುದು ಅಂತ ಹೇಳ್ತೀನಿ."

"ಹೇಳಿದರೆ ಇನ್ನು ಮೇಲೆ ನಿಮ್ಮ ಕೋಲೇ. ತಪ್ಪಿದರೆ?"

"ನಿನ್ನ ಅಡುಗೆಮನೆ ವಿಷಯಕ್ಕೆ ಬಾಯಿ ಹಾಕಲ್ಲ!"

ಪಕ್ಕದ ಮನೆಯಾಕೆಯನ್ನ ಸಾಕ್ಷಿಗೆ ಕರೆದಳು. ಎರಡು ತಟ್ಟೆ, ಎರಡು ಮುದ್ದೆ, ಸೊಪ್ಪಿನ ಸಾರು. ಕಣ್ಣು ಮುಚ್ಚಿ ಎಡಗಡೆದು ಒಂದು ತುತ್ತು, ಬಲಗಡೆದು ಒಂದು ತುತ್ತು ನುಂಗಿದೆ.

"ಎಡಗಡೆದು ಒಗರು, ನಿಮ್ಮಮ್ಮನದು. ಬಲಗಡೆದು ಬೆಣ್ಣೆ ಬೆಣ್ಣೆ, ನನ್ನದು!"

ಪಕ್ಕದ ಮನೆಯಾಕೆ ಬಾಯಿಗೆ ಸೆರಗು ತುರುಕಿಕೊಂಡಳು. ಹೆಂಡತಿ ನಿಧಾನವಾಗಿ ಹೇಳಿದಳು: "ಎರಡೂ ಒಂದೇ ಪಾತ್ರೆದು ರೀ. ನಮ್ಮಮ್ಮನ ಕೋಲಲ್ಲೇ ತಿರುವಿದ್ದು. ನಿಮ್ಮದು ಅಗೋ, ಕೋಳಿ ಗೂಡಿನ ಬಾಗಿಲಿಗೆ ಆನಿಸಿದೀನಿ."

ನಾನು ಸೋಲೋ ಆಳಾ? "ನೋಡಿದ್ಯಾ ನನ್ನ ಕೋಲಿನ ಮಹಿಮೆ! ಪಾತ್ರೆಗೆ ಇಳೀದೇನೇ ಒಂದು ಮುದ್ದೆಗೆ ರುಚಿ ತಂದುಬಿಡ್ತು!"

"ಹಂಗಾದರೆ ಅಲ್ಲೇ ಇರಲಿ ಬಿಡಿ," ಅಂದಳು, "ಮೊಟ್ಟೆಗೂ ರುಚಿ ಬರಲಿ."