ಉತ್ತಮ ಉಪಾಧ್ಯಾಯರ ಫೈಲು

ಸ್ಕೂಲ್ ಇನ್ಸ್‌ಪೆಕ್ಟರ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿರಲಿಲ್ಲ. ಬೆಳಗಿನ ಟಪಾಲು ಒಡೆದರೆ ಸಾಕಿತ್ತು. ಐವತ್ತರ ದಶಕದ ಕೊನೆಯಲ್ಲಿ ನಾನು ಶಿಕಾರಿಪುರದ ಕಚೇರಿಯಲ್ಲಿದ್ದೆ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಪ್ರೈಮರಿ ಶಾಲೆಗಳು ನಮಗೆ ಸೇರಿದ್ದವು. ಕಚೇರಿ ಎಂದರೆ ಇನ್ಸ್‌ಪೆಕ್ಟರು, ನಾನು, ಒಬ್ಬ ಜವಾನ ಮತ್ತು ಬಾಗಿಲು ಪೂರ್ತಿ ಮುಚ್ಚದ ಒಂದು ಬೀರು. ಆ ಬೀರುವಿನ ತುಂಬ ಮೇಷ್ಟ್ರುಗಳ ತಪ್ಪಿನ ಫೈಲುಗಳು. ತಡವಾಗಿ ಬಂದದ್ದಕ್ಕೆ ಒಂದು ಮೆಮೊ, ಬಾರದೇ ಇದ್ದದ್ದಕ್ಕೆ ಒಂದು ಮೆಮೊ, ಮೆಮೊಗೆ ಉತ್ತರ ಕೊಡದೇ ಇದ್ದದ್ದಕ್ಕೆ ಇನ್ನೊಂದು. ಒಳ್ಳೆಯ ಮೇಷ್ಟ್ರಿಗೆಂದು ಒಂದು ಫೈಲು ತೆರೆಯಬೇಕಾಗಿ ಬಂದದ್ದು ಆಗಲೇ ಮೊದಲು. ನಾನು ಹೇಳಹೊರಟಿರುವುದು ಆ ಒಂದು ಫೈಲಿನಲ್ಲಿ ನಡೆದದ್ದು ಮಾತ್ರ.

೧. ಸಮಜಾಯಿಷಿ

ಜಿಲ್ಲಾ ಕಚೇರಿಯಿಂದ ಒಂದು ಸುತ್ತೋಲೆ ಬಂತು. ಚೆನ್ನಾಗಿ ಕೆಲಸ ಮಾಡುವ ಉಪಾಧ್ಯಾಯರಿಗೆ ಪ್ರಶಸ್ತಿ ಕೊಡುವುದೆಂದು ತೀರ್ಮಾನವಾಗಿದೆ, ನಿಮ್ಮ ಕಡೆಯಿಂದ ಮೂರು ಹೆಸರು ಕಳಿಸಿ ಎಂದು. ನಮ್ಮ ಇನ್ಸ್‌ಪೆಕ್ಟರು ಅದನ್ನು ಎರಡು ಸಲ ಓದಿದರು. ಗದರಿಸುವುದರಲ್ಲಿ ಅವರಿಗೆ ಇಪ್ಪತ್ತು ವರ್ಷದ ಅನುಭವ ಇತ್ತು. ಹೊಗಳಿ ರೂಢಿ ಇರಲಿಲ್ಲ.

"ಎಲ್ಲಾ ಶಾಲೆಗೂ ಒಂದು ಕಾಗದ ಹಾಕ್ರೀ" ಎಂದರು. "ಹೆಸರು ಅವರೇ ಕಳಿಸ್ಲಿ."

ನನಗೂ ಮೆಮೊ ಬರೆದೇ ರೂಢಿ. ಕೈ ತನ್ನ ಪಾಡಿಗೆ ತಾನು ಬರೆಯಿತು: "ತಾವು ಉತ್ತಮ ಉಪಾಧ್ಯಾಯರು ಎಂದು ಏಕೆ ಪರಿಗಣಿಸಬಾರದು ಎಂಬ ಬಗ್ಗೆ, ಈ ಪತ್ರ ತಲುಪಿದ ಮೂರು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು." ಇನ್ಸ್‌ಪೆಕ್ಟರು ಸಹಿ ಹಾಕಿದರು. ಜವಾನ ಅಂಚೆಗೆ ಹಾಕಿದ.

ವಾರದೊಳಗೆ ಉತ್ತರಗಳು ರಾಶಿ ಬಿದ್ದವು. ಮುಕ್ಕಾಲು ಪಾಲು ಜನ ಕ್ಷಮೆ ಕೇಳಿದ್ದರು. ಶಿರಾಳಕೊಪ್ಪದ ಹತ್ತಿರದ ಒಬ್ಬ ಮೇಷ್ಟ್ರಂತೂ, "ನಾನು ಉತ್ತಮ ಉಪಾಧ್ಯಾಯನೆಂದು ತಮಗೆ ಯಾರೋ ಆಗದವರು ಚಾಡಿ ಹೇಳಿದ್ದಾರೆ. ಇನ್ನು ಮುಂದೆ ಹಾಗಾಗದಂತೆ ನೋಡಿಕೊಳ್ಳುತ್ತೇನೆ, ಇದೊಂದು ಸಲ ಮನ್ನಿಸಬೇಕು" ಎಂದು ಬರೆದಿದ್ದರು.

ಸರಿಯಾದ ಉತ್ತರ ಬಂದದ್ದು ಸೊರಬದಿಂದ ಆರೇಳು ಮೈಲಿ ಒಳಗಿದ್ದ ಒಂದು ಹಳ್ಳಿಯಿಂದ. ಅಲ್ಲಿನ ಶಾಲೆಗೆ ಇದ್ದದ್ದು ಒಬ್ಬರೇ ಮೇಷ್ಟ್ರು. ಅವರು ದುಂಡಗಿನ ಅಕ್ಷರದಲ್ಲಿ ಬರೆದಿದ್ದರು: "ಈ ಶಾಲೆಯಲ್ಲಿ ನಾನೊಬ್ಬನೇ. ಆದ್ದರಿಂದ ಇಲ್ಲಿನ ಅತ್ಯುತ್ತಮ ಉಪಾಧ್ಯಾಯ ನಾನೇ. ಅತ್ಯಂತ ಕೆಟ್ಟವನೂ ನಾನೇ. ಇಲಾಖೆಯವರಿಗೆ ಯಾವುದಕ್ಕೆ ಹೆಸರು ಬೇಕಾಗಿದೆಯೋ ಅದಕ್ಕೆ ಬಳಸಿಕೊಳ್ಳಬಹುದು."

೨. ಕಟ್ಟಡದ ಸ್ಥಿತಿ

"ಈ ಮನುಷ್ಯನ್ನ ಒಂದು ಸಲ ನೋಡ್ಲೇಬೇಕು ಕಣ್ರೀ" ಎಂದು ಇನ್ಸ್‌ಪೆಕ್ಟರು ನನ್ನನ್ನೂ ಹೊರಡಿಸಿದರು. ಸೊರಬದ ತನಕ ಬಸ್ಸು, ಅಲ್ಲಿಂದ ಗಾಡಿ. ಮುಂಚೆ ತಿಳಿಸದೆ ಹೋಗಬೇಕೆಂಬುದು ಅವರ ನಿಯಮ.

ಹೋಗಿ ನೋಡಿದರೆ ಶಾಲೆಗೆ ಬೀಗ! ಇನ್ಸ್‌ಪೆಕ್ಟರ ಮುಖ ಅರಳಿತು. ಇದು ಅವರಿಗೆ ಗೊತ್ತಿದ್ದ ಕೆಲಸ. "ಬರ್ಕೊಳ್ರೀ. ಹನ್ನೊಂದು ಗಂಟೆ ಹತ್ತು ನಿಮಿಷ, ಶಾಲೆ ಮುಚ್ಚಿದೆ" ಎಂದರು. ನಾನು ಬರೆದುಕೊಂಡೆ. ಅಷ್ಟರಲ್ಲಿ ಎಲ್ಲೋ ಮಕ್ಕಳು ಮಗ್ಗಿ ಹೇಳುವುದು ಕೇಳಿಸಿತು.

ಸದ್ದು ಹಿಡಿದು ಹೋದೆವು. ಊರಾಚೆ ಒಂದು ಬತ್ತದ ಕಣ. ಕೊಯ್ಲು ಮುಗಿದು ಬತ್ತ ಬಡಿಯುತ್ತಿದ್ದರು. ಕಣದ ಒಂದು ಮಗ್ಗುಲಲ್ಲಿ ಗಾಡಿ ನಿಲ್ಲಿಸಿ, ಅದರ ಗಾಲಿಗೆ ಕಪ್ಪು ಹಲಗೆ ಆನಿಸಿದ್ದರು. ಹುಲ್ಲಿನ ಮೇಲೆ ಮೂವತ್ತು ಮಕ್ಕಳು. ಎದುರಿಗೆ, ಕನ್ನಡಕಕ್ಕೆ ದಾರ ಕಟ್ಟಿಕೊಂಡ, ಐವತ್ತರ ಹತ್ತಿರದ ಸಣಕಲು ಮನುಷ್ಯ. ಅವರೇ ಮೇಷ್ಟ್ರು.

"ಇದೇನ್ರೀ ಇದು, ಶಾಲೆ ಬಿಟ್ಟು ಇಲ್ಲಿ?" ಎಂದು ಇನ್ಸ್‌ಪೆಕ್ಟರು ಗುಡುಗಿದರು.

ಮೇಷ್ಟ್ರು ಕೈಮುಗಿದರು. "ಸುಗ್ಗಿ ಸ್ವಾಮಿ. ಈಗ ಹದಿನೈದು ದಿನ ಮಕ್ಕಳನ್ನ ಮನೆಯವರು ಕಣಕ್ಕೆ ಕರ್ಕೊಂಡು ಬರ್ತಾರೆ. ಶಾಲೇಲಿ ಕೂತ್ರೆ ನಾನೂ ಬೆಂಚೂ ಎರಡೇ. ಅದಕ್ಕೇ ನಾನೂ ಇಲ್ಲಿಗೇ ಬಂದೆ."

ಏನು ಹೇಳಬೇಕೋ ತೋಚದಿದ್ದಾಗ ಇನ್ಸ್‌ಪೆಕ್ಟರು ಮಗ್ಗಿ ಕೇಳುತ್ತಿದ್ದರು. "ಹದಿಮೂರೊಂಬತ್ಲೆ?" ಎಂದರು.

"ನೂರಾ ಹದಿನೇಳು" ಎಂದು ಹಿಂದಿನಿಂದ ದಪ್ಪ ದನಿಯಲ್ಲಿ ಉತ್ತರ ಬಂತು. ತಿರುಗಿ ನೋಡಿದರೆ, ಹೊರೆ ಬಡಿಯುತ್ತಿದ್ದ ಮೀಸೆಯ ಗಂಡಸು. ಅವನು ಕೈ ಕೂಡ ನಿಲ್ಲಿಸಿರಲಿಲ್ಲ.

"ಅವರೂ ನಿಮ್ಮ ವಿದ್ಯಾರ್ಥಿಯೇ?"

"ಸುಗ್ಗಿ ಕಾಲದಲ್ಲಿ ಮಾತ್ರ ಸ್ವಾಮಿ" ಎಂದರು ಮೇಷ್ಟ್ರು. "ಆರು ವರ್ಷದಿಂದ ಮೂರನೇ ಕ್ಲಾಸಲ್ಲೇ ಇದ್ದಾನೆ."

ಇನ್ಸ್‌ಪೆಕ್ಟರು ನಕ್ಕದ್ದನ್ನು ನಾನು ಮೊದಲ ಸಲ ನೋಡಿದೆ. ತಪಾಸಣೆಯ ನಮೂನೆಯನ್ನು ಅಲ್ಲೇ ಹುಲ್ಲಿನ ಮೇಲೆ ಕೂತು ತುಂಬಿದೆವು. 'ಶಾಲಾ ಕಟ್ಟಡದ ಸ್ಥಿತಿ' ಎಂಬ ಜಾಗ ಬಂದಾಗ ಪೆನ್ನು ಎತ್ತಿ ಅವರ ಮುಖ ನೋಡಿದೆ. ಅವರು ಸುತ್ತ ಒಮ್ಮೆ ಕಣ್ಣಾಡಿಸಿ ಹೇಳಿದರು: "ಗಾಳಿ ಬೆಳಕು ಧಾರಾಳ ಅಂತ ಬರೀರಿ. ಸೋರುವುದಿಲ್ಲ, ಸೂರಿಲ್ಲದ ಕಾರಣ."

೩. ಕೋಟು

ಆ ಮೇಷ್ಟ್ರದೂ ಸೇರಿ ಮೂರು ಹೆಸರು ಹೊರಟವು. ಉಳಿದ ಇಬ್ಬರೂ ಶಿಕಾರಿಪುರದ ಕಡೆಯವರು. ಆಗ ಜಿಲ್ಲೆಯಿಂದ ಇನ್ನೊಂದು ಕಾಗದ: ಮೂವರ ಫೋಟೋ ಬೇಕು.

ಮೂವರೂ ಅಲ್ಲಿಯವರೆಗೆ ಫೋಟೋ ತೆಗೆಸಿಕೊಂಡವರಲ್ಲ. ಶಿರಾಳಕೊಪ್ಪದಲ್ಲಿ ಒಂದು ಸ್ಟುಡಿಯೋ ಇತ್ತು. ಸಂತೆಯ ದಿನ ಎಲ್ಲರೂ ಅಲ್ಲಿಗೆ ಬನ್ನಿ ಎಂದು ತಿಳಿಸಿ ನಾನೂ ಹೋದೆ. ಸ್ಟುಡಿಯೋದವನ ಹತ್ತಿರ ಒಂದು ಕರೀ ಕೋಟು ಇತ್ತು. ಯಾರೇ ಬರಲಿ, ಮೊದಲು ಅದನ್ನು ತೊಡಿಸುತ್ತಿದ್ದ. ಯಾವುದೋ ಭಾರಿ ಆಳಿಗೆ ಹೊಲಿದದ್ದು. ನಮ್ಮ ಸೊರಬದ ಮೇಷ್ಟ್ರು ಅದರೊಳಗೆ ಇಳಿದ ಮೇಲೆ ಬೆರಳ ತುದಿ ಮಾತ್ರ ಕಾಣಿಸುತ್ತಿತ್ತು. ಅವನು ಬೆನ್ನ ಹಿಂದೆ ನಾಲ್ಕು ಕಡೆ ಪಿನ್ನು ಚುಚ್ಚಿ, "ಉಸಿರು ಹಿಡೀರಿ, ಅಲ್ಲಾಡಬ್ಯಾಡ್ರಿ" ಎಂದ.

"ಅಲ್ಲಾಡಿದ್ರೆ ಪಿನ್ನು ಚುಚ್ತದಲ್ಲ ಮಾರಾಯ, ಹೆಂಗೆ ಅಲ್ಲಾಡ್ಲಿ?" ಎಂದರು ಮೇಷ್ಟ್ರು.

ಮೂರೂ ಫೋಟೋ ಹೋದವು. ಹತ್ತು ದಿನಕ್ಕೆ ಅವು ಹಾಗೇ ವಾಪಸು ಬಂದವು. ಜೊತೆಗೆ ಒಂದು ಆಕ್ಷೇಪಣೆ: ಮೂರು ಫೋಟೋದಲ್ಲೂ ಅದೇ ಕೋಟು, ಅದೇ ಕುರ್ಚಿ, ಅದೇ ಹೂವಿನ ಕುಂಡ ಕಾಣುತ್ತಿದ್ದು, ಒಬ್ಬರ ಫೋಟೋವನ್ನೇ ಮೂರು ಸಲ ಕಳಿಸಿರುವಂತಿದೆ, ವಿವರಣೆ ಕೊಡಿ.

ನಾನು ಒಂದು ಪುಟ ವಿವರಣೆ ಬರೆದೆ. ಇನ್ಸ್‌ಪೆಕ್ಟರು ಅದಕ್ಕೆ ಅಡ್ಡಗೀಟು ಎಳೆದು, ಕೆಳಗೆ ತಮ್ಮ ಕೈಯಲ್ಲೇ ಒಂದು ಸಾಲು ಬರೆದು ಸಹಿ ಮಾಡಿದರು: "ಕೋಟು ಒಂದೇ. ಒಳಗಿರುವವರು ಬೇರೆ ಬೇರೆ ಎಂದು ಖುದ್ದಾಗಿ ನೋಡಿ ದೃಢೀಕರಿಸಿದ್ದೇನೆ."

೪. ವಾಪಸು ಮಾಡತಕ್ಕದ್ದು

ಪ್ರಶಸ್ತಿ ಬಂದದ್ದು ಸೊರಬದ ಮೇಷ್ಟ್ರಿಗೇ. "ತಾವು ಆಯ್ಕೆಯಾಗಿದ್ದೀರಿ, ಒಪ್ಪಿಗೆ ತಿಳಿಸಿ" ಎಂದು ಅರಗಿನ ಮೊಹರು ಹಾಕಿ ಕವರು ಕಳಿಸಿದೆವು. ಹದಿನೈದು ದಿನವಾದರೂ ಉತ್ತರವಿಲ್ಲ.

ಒಂದು ಬೆಳಿಗ್ಗೆ ಕಚೇರಿಯ ಮುಂದೆ ಎರಡು ಎತ್ತಿನ ಗಾಡಿ ಬಂದು ನಿಂತವು. ಹತ್ತು ಹನ್ನೆರಡು ಜನ ಇಳಿದರು. ಮುಂದೆ ಆ ಹಳ್ಳಿಯ ಪಟೇಲರು, ಪಕ್ಕದಲ್ಲಿ ಒಬ್ಬ ಮುದುಕಿ.

"ಮೇಷ್ಟ್ರನ್ನ ಕೊಡೂದಿಲ್ಲ ಅಂತ ಹೇಳಿ ಹೋಗ್ಲಿಕ್ಕೆ ಬಂದದ್ದು ಸ್ವಾಮಿ" ಎಂದರು ಪಟೇಲರು.

ನಡೆದದ್ದೇನೆಂದರೆ, ಮೊಹರಿನ ಕವರು ಕಂಡ ಕೂಡಲೇ ಮೇಷ್ಟ್ರು ಅದು ವರ್ಗದ ಆರ್ಡರೆಂದೇ ತಿಳಿದಿದ್ದರು. ಒಡೆಯುವ ಧೈರ್ಯವಾಗದೆ ಗೋಡೆಯ ಮೇಲಿನ ನಕ್ಷೆಯ ಹಿಂದೆ ಸಿಕ್ಕಿಸಿಟ್ಟಿದ್ದರು. ನಾಲ್ಕು ದಿನ ಅವರು ಸರಿಯಾಗಿ ಊಟ ಮಾಡಲಿಲ್ಲವಂತೆ. ಊರವರು ಕಾರಣ ಹುಡುಕಿ ಕವರು ಒಡೆದು ಓದಿದರು.

"ಆಯ್ಕೆ ಆಗಿದ್ದಾರೆ ಅಂತ ಬರೆದೈತಲ್ಲ. ಅಂದ್ರೆ ಆರಿಸ್ಕೊಂಡು ಹೋಗೂದೇ ತಾನೆ?" ಎಂದರು ಪಟೇಲರು.

ಮುದುಕಿ ಮುಂದೆ ಬಂದಳು. "ಇವರಿಗಿಂತ ಮುಂಚೆ ಬಂದ ಮೇಷ್ಟ್ರು ಯಾರೂ ಮೂರು ತಿಂಗಳು ನಿಲ್ಲಲಿಲ್ಲ ಸ್ವಾಮಿ. ನನ್ನ ಮಗ ಮಿಲಿಟ್ರಿಲಿ ಇದ್ದಾನೆ. ಅವನ ಕಾಗದ ಈಗ ಮೊಮ್ಮಗಳೇ ಓದಿ ಹೇಳ್ತಾಳೆ. ಬರಿಯೂದಕ್ಕೆ ಇನ್ನೊಂದು ವರ್ಷ ಬೇಕಂತೆ. ಒಂದು ವರ್ಷ ಬಿಟ್ಟುಕೊಡಿ. ಶಿವಮೊಗ್ಗದಲ್ಲಿ ಬೇರೆ ಮೇಷ್ಟ್ರೇ ಇಲ್ವ?"

ಇನ್ಸ್‌ಪೆಕ್ಟರು ಕುರ್ಚಿ ಬಿಟ್ಟು ಎದ್ದು ಬಂದರು. "ಇದು ವರ್ಗ ಅಲ್ಲಮ್ಮ. ಸೊರಬಕ್ಕೆ ಕರೆದು, ಹಾರ ಹಾಕಿ, ಸನ್ಮಾನ ಮಾಡಿ ಕಳಿಸ್ತೀವಿ."

"ಎಲ್ಲಿಗೆ ಕಳಿಸ್ತೀರಿ?"

"ನಿಮ್ಮೂರಿಗೇ."

ಪಟೇಲರು ಕೈ ಚಾಚಿದರು. "ಬರೆದು ಕೊಡಿ" ಎಂದರು.

ಬರೆಯುವ ಕೆಲಸ ನನ್ನದು. ಆ ತಿಂಗಳು ಶಾಲೆಗಳಿಗೆ ನಕ್ಷೆ, ಗೋಳ ಕಳಿಸಿ ರಸೀತಿ ಬರೆದೂ ಬರೆದೂ ಕೈಗೆ ಅದೇ ಅಂಟಿತ್ತು. "ಮೇಷ್ಟ್ರು, ಒಂದು. ಸನ್ಮಾನ ಮುಗಿದ ಕೂಡಲೇ, ತೆಗೆದುಕೊಂಡ ಸ್ಥಿತಿಯಲ್ಲೇ ವಾಪಸು ಮಾಡತಕ್ಕದ್ದು." ಇನ್ಸ್‌ಪೆಕ್ಟರು ಸಹಿ ಹಾಕಿದರು. ಪಟೇಲರು ಮಡಚಿ ಜೇಬಿಗಿಟ್ಟುಕೊಂಡು ಗಾಡಿ ಹತ್ತಿದರು.

ಅದರ ನಕಲು ಫೈಲಿನಲ್ಲಿ ಉಳಿಯಿತು. ಮುಂದಿನ ವರ್ಷ ತಪಾಸಣೆಗೆ ಬಂದ ಆಡಿಟರು ಅದರ ಮೇಲೆ ಕೆಂಪು ಶಾಯಿಯಲ್ಲಿ ಬರೆದರು: "ಸದರಿ ಒಂದು ವಸ್ತುವನ್ನು ಸ್ಟಾಕ್ ರಿಜಿಸ್ಟರಿನಲ್ಲಿ ಏಕೆ ತೋರಿಸಿಲ್ಲ?"

೫. ಹೊಟ್ಟೆ ಸೀಳಿದ ಅಕ್ಷರ

ಸನ್ಮಾನ ನಡೆದದ್ದು ಸೊರಬದ ಮಿಡ್ಲ್ ಸ್ಕೂಲಿನ ಅಂಗಳದಲ್ಲಿ, ಒಂದು ಮಧ್ಯಾಹ್ನ. ಅಧ್ಯಕ್ಷತೆ ತಾಲ್ಲೂಕಿನ ಅಮಲ್ದಾರರದು. ಅವರ ಹೆಸರು ಕೇಳಿದರೆ ಶಾನುಭೋಗರು ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದ ಕಾಲ. ಅವರಿಗೂ ಈ ಮೇಷ್ಟ್ರಿಗೂ ಒಂದು ನಂಟಿತ್ತು. ಮೇಷ್ಟ್ರು ಮೊದಲು ಕೆಲಸಕ್ಕೆ ಸೇರಿದ ಶಾಲೆಯಲ್ಲಿ ಅಮಲ್ದಾರರು ಎರಡು ವರ್ಷ ಇವರ ಕೈಕೆಳಗೇ ಓದಿದ್ದರಂತೆ. ಆ ಅಭಿಮಾನಕ್ಕೆ, ಸಭೆಯಲ್ಲಿ ಅರ್ಪಿಸುವ ಮಾನಪತ್ರವನ್ನು ತಾವೇ ಬರೆಯುತ್ತೇನೆಂದು ಹಟ ಹಿಡಿದು ಬರೆದುಕೊಟ್ಟಿದ್ದರು.

ಅದನ್ನು ಅಚ್ಚು ಹಾಕಿಸಿ, ಗಾಜಿನ ಕಟ್ಟು ಹಾಕಿಸಿ ತಂದವನು ನಾನು. ಅದರಲ್ಲಿ 'ವಿದ್ಯಾರ್ಥಿ' ಎನ್ನಬೇಕಾದ ಕಡೆ 'ವಿಧ್ಯಾರ್ಥಿ' ಎಂದಿತ್ತು. ನನಗೆ ಕಾಣಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅಮಲ್ದಾರರ ಕಾಗುಣಿತ ತಿದ್ದುವ ಗುಮಾಸ್ತ ಆ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿರಲಿಲ್ಲ.

ಹಾರ ಹಾಕಿದರು, ಶಾಲು ಹೊದಿಸಿದರು. ಅಮಲ್ದಾರರು ಮಾನಪತ್ರವನ್ನು ಗಂಭೀರವಾಗಿ ಓದಿ ಮೇಷ್ಟ್ರ ಕೈಗಿತ್ತರು. ಚಪ್ಪಾಳೆ. ಹಳ್ಳಿಯಿಂದ ಬಂದಿದ್ದವರು ಕಣ್ಣೊರೆಸಿಕೊಳ್ಳುತ್ತಿದ್ದರು. ಮೇಷ್ಟ್ರ ಕಣ್ಣೂ ತುಂಬಿತ್ತು. ಕನ್ನಡಕ ಒರೆಸಿಕೊಂಡು ಮಾನಪತ್ರ ಓದತೊಡಗಿದರು. ಓದುತ್ತ ಓದುತ್ತ ಒಂದು ಕಡೆ ನಿಂತರು. ಮುಖದ ಮೇಲಿನ ಭಾವವೆಲ್ಲ ಇಳಿದುಹೋಯಿತು. ಜುಬ್ಬದ ಜೇಬಿಗೆ ಕೈ ಹಾಕಿ ಒಂದು ಸೀಮೆಸುಣ್ಣದ ತುಂಡು ತೆಗೆದು, ಗಾಜಿನ ಮೇಲೆಯೇ ಒಂದು ಸುತ್ತು ಹಾಕಿದರು.

"ಬಾ ಇಲ್ಲಿ" ಎಂದರು.

ಅಮಲ್ದಾರರು ಹತ್ತಿರ ಬಂದು ಬಗ್ಗಿದರು.

"ವಿದ್ಯಾರ್ಥೀಲಿ ಯಾವ ದ ಬರ್ತದೆ? ಪಾಪ, ಅದರ ಹೊಟ್ಟೆ ಎಂತಕ್ಕೆ ಸೀಳಿದ್ದೀಯ?"

ಅಮಲ್ದಾರರ ಕಿವಿ ಕೆಂಪಾದವು. "ಪ್ರೆಸ್ಸಿನವರು..." ಎಂದು ಶುರುಮಾಡಿ ನನ್ನ ಕಡೆ ನೋಡಿದರು. ನಾನು ಆಕಾಶ ನೋಡಿದೆ.

"ತಪ್ಪು ಮಾಡಿದ್ರೆ ಒಪ್ಕೋಬೇಕು. ಪಕ್ಕದವನ ಮೇಲೆ ಹೇಳಬಾರದು" ಎಂದರು ಮೇಷ್ಟ್ರು. "ನಾಳೆ ಹತ್ತು ಸಲ ಬರೆದು ತೋರಿಸು."

ಹೇಳಿಬಿಟ್ಟ ಮೇಲೆ ಅವರಿಗೆ ತಾನು ಎಲ್ಲಿದ್ದೇನೆ, ಯಾರಿಗೆ ಹೇಳಿದೆ ಎಂಬುದು ಹೊಳೆಯಿತು. ಕೈಯಲ್ಲಿದ್ದ ಸೀಮೆಸುಣ್ಣವನ್ನು ಮೆಲ್ಲಗೆ ಜೇಬಿಗಿಳಿಸಿದರು. ಅಮಲ್ದಾರರ ಒಂದು ಮಾತಿಗೆ ಮೇಷ್ಟ್ರು ಜಿಲ್ಲೆಯ ಯಾವ ಮೂಲೆಗೆ ಬೇಕಾದರೂ ವರ್ಗವಾಗಿ ಹೋಗಬಹುದಿತ್ತು. ನಮ್ಮ ಇನ್ಸ್‌ಪೆಕ್ಟರು ಕುರ್ಚಿಯ ತುದಿಗೆ ಬಂದಿದ್ದರು. ಅಮಲ್ದಾರರು ಕೈಕಟ್ಟಿ, "ಆಗಲಿ ಸಾರ್" ಎಂದರು. ಆಮೇಲೆ ಬಂದ ಚಪ್ಪಾಳೆಯ ಮುಂದೆ ಮೊದಲಿನದು ಏನೂ ಅಲ್ಲ.

ಕತ್ತಲಾಯಿತೆಂದು ಮೇಷ್ಟ್ರು ಆ ರಾತ್ರಿ ಸೊರಬದಲ್ಲೇ ಉಳಿದರು. ಮಾರನೆಯ ದಿನ ಅವರನ್ನು ಬಸ್ಸು ಹತ್ತಿಸಲು ನಾನೂ ಸೊರಬದ ನಿಲ್ದಾಣಕ್ಕೆ ಬಂದಿದ್ದೆ. ಈಚೆಗೆ ಅವರ ಊರಿನ ತಿರುವಿನ ತನಕ ಬಸ್ಸು ಶುರುವಾಗಿತ್ತು. ಹಿಂದಿನ ದಿನ ಆಡಿದ ಮಾತು ನೆನೆದು ಮೇಷ್ಟ್ರು ಮಂಕಾಗಿದ್ದರು. "ಅಷ್ಟು ಜನರ ಮುಂದೆ ಹಾಗೆ ಅನ್ನಬಾರದಿತ್ತು ಕಣ್ರೀ" ಎಂದು ಮೂರನೇ ಸಲ ಹೇಳುತ್ತಿದ್ದರು. ಅಷ್ಟರಲ್ಲಿ ಅಮಲ್ದಾರರ ಕಚೇರಿಯ ಜವಾನ ಏದುಸಿರು ಬಿಡುತ್ತ ಬಂದು ಒಂದು ಮಡಚಿದ ಕಾಗದ ಕೊಟ್ಟ.

"ಸಾಹೇಬ್ರು ಕಳಿಸಿದ್ದಾರೆ. ನೋಡಿ ಸಹಿ ಮಾಡಿಕೊಡಬೇಕಂತೆ."

ಬಿಡಿಸಿದರು. ಸರ್ಕಾರಿ ಕಾಗದ, ಅಮಲ್ದಾರರದೇ ಕೈಬರಹ. ಒಂದರ ಕೆಳಗೊಂದು, ನೀಟಾಗಿ, "ವಿದ್ಯಾರ್ಥಿ, ವಿದ್ಯಾರ್ಥಿ, ವಿದ್ಯಾರ್ಥಿ..." ಮೇಷ್ಟ್ರ ಮುಖ ಬೆಳಗಿತು. ನನ್ನ ಪೆನ್ನು ಇಸಿದುಕೊಂಡರು. ಸಹಿ ಮಾಡುವ ಮುಂಚೆ ಬೆರಳಿಟ್ಟು ಮೇಲಿನಿಂದ ಎಣಿಸಿದರು. ಇನ್ನೊಂದು ಸಲ ಎಣಿಸಿದರು. ಪೆನ್ನಿಗೆ ಮುಚ್ಚಳ ಹಾಕಿ, ಕಾಗದವನ್ನು ಜವಾನನ ಕೈಗೇ ವಾಪಸು ಕೊಟ್ಟರು.

"ಒಂಬತ್ತೇ ಇದೆ. ಆವಾಗ್ಲೂ ಹೀಗೇ ಒಂದು ನುಂಗ್ತಿದ್ದ. ಹೋಗಿ ಹೇಳು, ಬಸ್ಸು ಹೊರಡೋದಕ್ಕೆ ಇನ್ನೂ ಹತ್ತು ನಿಮಿಷ ಇದೆ."