ಅರ್ಘ್ಯ, ಪಾದ್ಯ ಮತ್ತು ಪಪ್ಪ

ನರಿಕೊಂಬಿನ ಜಿತೇಶನಿಗೆ ಹೊಳೆಯುವ ಯೋಚನೆಗಳಲ್ಲಿ ಹೆಚ್ಚಿನವು ಹೆಂಡತಿ ಶಶಿಪ್ರಭಾಳ ಒಂದು ನೋಟಕ್ಕೇ ಬಾಡಿಹೋಗುತ್ತಿದ್ದವು. ಆದರೆ ಸಂಜೆ ದೀಪ ಹಚ್ಚಿದ ಮೇಲೆ ಮನೆಮಂದಿಯೆಲ್ಲ ಚಾಪೆ ಹಾಸಿ ಕೂತು ಅರ್ಧ ಗಂಟೆ ಪುರಾಣ ಓದಬೇಕು ಎಂಬ ಯೋಚನೆಯನ್ನು ಅವಳು ಉಳಿಸಿದಳು. ಒಂಬತ್ತರ ಅಶ್ವಿತ್, ಆರರ ಸಾತ್ವಿಕಾ ಇಬ್ಬರೂ ಮೊಬೈಲ್ ನೋಡುತ್ತ ಉಣ್ಣುವುದನ್ನು ಕಂಡು ಅವಳಿಗೂ ಸಾಕಾಗಿತ್ತು.

"ಓದುವುದು ಯಾರು?"

"ನಾನೇ ಓದ್ತೇನೆ. ಅರ್ಥವನ್ನೂ ಹೇಳ್ತೇನೆ."

"ನೀವಾ?"

ಆ ಎರಡಕ್ಷರದಲ್ಲಿ ಹದಿಮೂರು ವರ್ಷದ ಸಂಸಾರವಿತ್ತು. ಬಿ.ಸಿ.ರೋಡಿನಲ್ಲಿ ಟೈಲ್ಸ್ ಅಂಗಡಿ ಇಟ್ಟಿರುವ ಜಿತೇಶ ಟೈಲ್ಸಿನ ಹೊಳಪಿನ ಬಗ್ಗೆ ಒಂದು ಗಂಟೆ ಉಪನ್ಯಾಸ ಕೊಡಬಲ್ಲ. ಕನ್ನಡದಲ್ಲಿ ಮಾತ್ರ ಮೂವತ್ತೈದು ಅಂಕಕ್ಕೇ ಕೃತಾರ್ಥನಾದವನು. (ಮಾವ ಚಿನ್ನಯ್ಯನವರು ಕಕ್ಕಿಂಜೆಯ ಕಡೆ ಮೂವತ್ತು ವರ್ಷ ಕನ್ನಡ ಮಾಸ್ಟ್ರಾಗಿದ್ದವರು. ಅಳಿಯನ ಅಂಕ ಅವರಿಗೆ ತಿಳಿದದ್ದು ಮದುವೆಯಾದ ಮೇಲೆ.)

ಮೂರು ದಿನ ಪಾರಾಯಣ ಸುಸೂತ್ರವಾಗಿ ನಡೆಯಿತು. ನಾಲ್ಕನೆಯ ದಿನ ಕಥೆಯ ರಾಜನೊಬ್ಬ, ಮನೆಗೆ ಬಂದ ಋಷಿಗಳಿಗೆ ಅರ್ಘ್ಯ, ಪಾದ್ಯಗಳನ್ನಿತ್ತು ಸತ್ಕರಿಸಿಬಿಟ್ಟ.

"ಅರ್ಘ್ಯ, ಪಾದ್ಯ ಅಂದ್ರೆ ಎಂತ ಪಪ್ಪ?" ಎಂದು ಅಶ್ವಿತ್ ಕೇಳಿದ.

ಜಿತೇಶನಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ಶಶಿಪ್ರಭಾ ಅನ್ನ ಬಸಿಯಲು ಒಳಗೆ ಹೋಗಿದ್ದಳು. ಪುತ್ರನೆದುರು ಪಿತೃಪದವಿಯ ಘನತೆ ಉಳಿಯಬೇಕಲ್ಲ. ಮನೆಗೆ ಬಂದವರಿಗೆ ಕೊಡುವಂಥದ್ದು ಮತ್ತೇನಿರಲು ಸಾಧ್ಯ?

"ಅರ್ಘ್ಯ ಅಂದ್ರೆ ಆಗಿನ ಕಾಲದ ಗೋಳಿಬಜೆ ಮಾರಾಯ. ಪಾದ್ಯ ಅಂದ್ರೆ ಅದರೊಟ್ಟಿಗೆ ಕೊಡುವ ಚಟ್ನಿ."

ಮಕ್ಕಳಿಗೆ ರಾಜನ ಮೇಲೆ ಅಪಾರ ಗೌರವ ಮೂಡಿತು.

ಅಳಿಯ ಪುರಾಣ ಓದುತ್ತಾನೆ ಎಂಬ ಸುದ್ದಿ ಫೋನಿನಲ್ಲಿ ಕಕ್ಕಿಂಜೆಗೆ ತಲುಪಿತು. ಚಿನ್ನಯ್ಯನವರಿಗೆ ನಂಬಲಾಗಲಿಲ್ಲ. ಕಣ್ಣಾರೆ ನೋಡಲು ಆದಿತ್ಯವಾರ ಮಧ್ಯಾಹ್ನದ ಬಸ್ಸಿಗೇ ಹೊರಟು ಬಂದರು. ಅಪ್ಪ ಬಂದರೆಂದು ಶಶಿಪ್ರಭಾ ಬಾಣಲೆ ಇಟ್ಟು ಗೋಳಿಬಜೆ ಕರಿದಳು. ಅಶ್ವಿತ್ ತಟ್ಟೆ ಹಿಡಿದು, ಸಾತ್ವಿಕಾ ಚಟ್ನಿಯ ಬಟ್ಟಲು ಹಿಡಿದು ಅಜ್ಜನ ಬೆನ್ನ ಹಿಂದೆ ಬಂದು ನಿಂತರು.

"ಅಜ್ಜ, ನಿಮಗೆ ಅರ್ಘ್ಯ ಪಾದ್ಯ ತಂದಿದ್ದೇವೆ," ಎಂದಳು ಸಾತ್ವಿಕಾ.

ಚಿನ್ನಯ್ಯನವರು ಮೂವತ್ತು ವರ್ಷ ಪಾಠ ಮಾಡಿದ್ದರೂ ಇಂಥ ಮಾತನ್ನು ಯಾವ ಶಿಷ್ಯನ ಬಾಯಲ್ಲೂ ಕೇಳಿದವರಲ್ಲ. ನೆಟ್ಟಗೆ ಕೂತು, ಕಾಲು ಮುಂದೆ ಚಾಚಿ, ಕಣ್ಣು ಮುಚ್ಚಿದರು.

"ಮಾವ, ಅದು ಎಂತ ಅಂದ್ರೆ..." ಎಂದು ಜಿತೇಶ ಎದ್ದ.

"ನೀವು ಕೂತ್ಕೊಳ್ಳಿ. ಮಕ್ಕಳು ಮಾಡ್ಲಿ. ಮೊದಲು ಪಾದ್ಯ, ಮಗಾ. ಪಾದಕ್ಕೆ ಹಾಕು."

ಸಾತ್ವಿಕಾ ಒಂದು ಕ್ಷಣ ಅನುಮಾನಿಸಿ ಪಪ್ಪನ ಮುಖ ನೋಡಿದಳು. ಪಪ್ಪ ಫ್ಯಾನ್ ನೋಡುತ್ತಿದ್ದ. ಹಿರಿಯರು ಹೇಳಿದ ಮೇಲೆ ಮೀರುವುದು ಹೇಗೆ? ಅಜ್ಜನ ಮುಂದೆ ಬಂದು ಬಟ್ಟಲನ್ನು ಬಗ್ಗಿಸಿದಳು.

ಚಿನ್ನಯ್ಯನವರು ಕಣ್ಣು ತೆರೆದು ಸ್ವಲ್ಪ ಹೊತ್ತು ತಮ್ಮ ಪಾದಗಳನ್ನೇ ನೋಡಿದರು.

"ಇದರಲ್ಲಿ ಕರಿಬೇವು ಉಂಟಲ್ಲ," ಎಂದರು.

"ಚಟ್ನಿ ಅಲ್ವಾ ಅಜ್ಜ. ಪಾದ್ಯ ಅಂದ್ರೆ ಚಟ್ನಿ. ಪಪ್ಪ ಹೇಳಿದ್ದು."

"ಹಾಗಾದ್ರೆ ಅರ್ಘ್ಯ?"

ಅಶ್ವಿತ್ ತಟ್ಟೆ ಮುಂದೆ ಹಿಡಿದ.

ಬಾಗಿಲಲ್ಲಿ ನಿಂತ ಶಶಿಪ್ರಭಾ ಗಂಡನನ್ನು ಒಮ್ಮೆ ನೋಡಿದಳು. ಅದರ ಬದಲು ಬೈದಿದ್ದರೆ ಚೆನ್ನಾಗಿತ್ತು ಎಂದು ಜಿತೇಶನಿಗೆ ಅನ್ನಿಸಿತು. ಮಾವನನ್ನು ಅಂಗಳಕ್ಕೆ ಕರೆದೊಯ್ದು, ಬಾಲ್ದಿಯಲ್ಲಿ ನೀರು ತಂದು, ಬಗ್ಗಿ ಕೂತು ಕಾಲು ತೊಳೆದ. ಒಗ್ಗರಣೆಯ ಸಾಸಿವೆ ಬೆರಳ ಸಂದಿಯಿಂದ ಬೇಗ ಹೊರಡುವಂಥದ್ದಲ್ಲ.

"ಮಕ್ಕಳೇ, ಇಲ್ಲಿ ಬಂದು ನೋಡಿ," ಎಂದು ಚಿನ್ನಯ್ಯನವರು ಶಾಂತವಾಗಿ ಕರೆದರು. "ಈಗ ನಿಮ್ಮ ಪಪ್ಪ ಕೊಡ್ತಾ ಇದ್ದಾರಲ್ಲ, ಇದು ಪಾದ್ಯ. ಕೈಗೆ ಕೊಡುವ ನೀರು ಅರ್ಘ್ಯ."

ಸಾತ್ವಿಕಾಳ ಮುಖ ಇಳಿಯಿತು.

"ಎರಡೂ ನೀರೇಯಾ? ಪಪ್ಪನ ಅರ್ಥದಲ್ಲಿ ತಿನ್ಲಿಕ್ಕೆ ಆದ್ರೂ ಇತ್ತು."

ಚಿನ್ನಯ್ಯನವರು ಯೋಚಿಸಿದರು. ಮಗು ಹೇಳಿದ್ದರಲ್ಲಿ ನ್ಯಾಯವಿತ್ತು.

"ಒಂದು ಕೆಲಸ ಮಾಡುವ," ಎಂದರು. "ನಾನು ಒಂದು ವಾರ ಇಲ್ಲೇ ಇದ್ದು ಓದ್ತೇನೆ. ನಿನ್ನ ಪಪ್ಪನ ಅರ್ಥವೂ ಹಾಳಾಗುವುದು ಬೇಡ."

ಮರುದಿನ ದೀಪ ಹಚ್ಚಿದ ಮೇಲೆ ಚಾಪೆಯ ಮೇಲೆ ಅಜ್ಜ ಕೂತರು. ಶಶಿಪ್ರಭಾಳೂ ಆರಾಮವಾಗಿ ಗೋಡೆಗೊರಗಿ ಕೂತಳು. ಜಿತೇಶ ಅಡಿಗೆಮನೆಯಲ್ಲಿ ಬಾಣಲೆಯೆದುರು ನಿಂತು, ಬೆವರೊರೆಸಿಕೊಳ್ಳುತ್ತ, ಕಿವಿಗೆ ಬಿದ್ದಷ್ಟು ಪುರಾಣ ಕೇಳುತ್ತಿದ್ದ. ಎರಡನೆಯ ತಟ್ಟೆ ಗೋಳಿಬಜೆ ಕಳಿಸಿ ಇನ್ನೇನು ಒಲೆ ಆರಿಸಬೇಕು, ಸಾತ್ವಿಕಾ ಬಾಗಿಲಿಗೆ ಬಂದಳು.

"ಪಪ್ಪ, ಆರಿಸ್ಬೇಡಿ. ಕಥೆಯಲ್ಲಿ ಇನ್ನೂ ಏಳು ಋಷಿಗಳು ಬಂದ್ರು."